ಟಪಾಲಿನವ ಯಾಕೆ ಬರೆಯುತ್ತಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಎರಡು ಚಹಾ ಅಂಗಡಿ, ಒಂದು ಗಿರಣಿ, ಒಂದು ಕಟಿಂಗ್ ಅಂಗಡಿ. ಇಷ್ಟು ಕಡೆ ಅಮಾವಾಸ್ಯೆಗೊಮ್ಮೆ ನಾನು ಬರೆದ ಒಂದು ಹಾಳಿ ಇಟ್ಟು ಬರುತ್ತೇನೆ. ಇಟ್ಟ ಮರುದಿನದಿಂದ ಪ್ರಶ್ನೆ ಶುರು. ಆರು ವರ್ಷದಿಂದ ಅವೇ ಪ್ರಶ್ನೆ, ಬೇರೆ ಬೇರೆ ಬಾಯಿ. ನಿಂತಲ್ಲೇ ಉತ್ತರ ಹೇಳಲು ಈಗ ಮೊಣಕಾಲು ಒಪ್ಪುವುದಿಲ್ಲ, ಅದಕ್ಕೆ ಒಂದೇ ಸಲ ಬರೆದುಬಿಟ್ಟಿದ್ದೇನೆ. ಕೇಳಿದವರ ಮಾತನ್ನು ಕೇಳಿದ ಹಾಗೆಯೇ ಇಟ್ಟಿದ್ದೇನೆ.

"ನೀವು ಯಾರ್ರಿ? ಮೊದಲ ಅದನ್ನ ಹೇಳ್ರಿ."

38 ವರ್ಷ ಟಪಾಲು ಹಂಚಿದವ. 1979ರಲ್ಲಿ ನೌಕರಿಗೆ ಸೇರಿದಾಗ ಬಾಗಲಕೋಟೆ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. 1997ರಲ್ಲಿ ನಮ್ಮದೇ ಜಿಲ್ಲೆಯಾಯಿತು. 2014ರ ನವೆಂಬರ್ 1ಕ್ಕೆ ವಿಜಾಪುರವೇ ವಿಜಯಪುರವಾಯಿತು. ಆದರೆ 2017ರಲ್ಲಿ ನಾನು ಚೀಲ ಕೆಳಗಿಡುವವರೆಗೂ "ಜಿ॥ ವಿಜಾಪುರ" ಎಂದು ಬರೆದ ಕಾಗದಗಳು ನಮ್ಮೂರಿಗೆ ಬರುತ್ತಲೇ ಇದ್ದವು. ಸರ್ಕಾರ ಒಂದು ರಾತ್ರಿಯಲ್ಲಿ ಹೆಸರು ಬದಲಿಸುತ್ತದೆ, ಸೋಲಾಪುರದಲ್ಲಿರುವ ಅತ್ತೆ ಬದಲಿಸುವುದಿಲ್ಲ.

"ಈ ಬರಿಯೂ ಹುಚ್ಚು ಎಲ್ಲಿಂದ ಹತ್ತಿತು, ಅಣ್ಣಾರ?"

ಕಾಲಿನಿಂದ.

ನಿವೃತ್ತಿಯಾದ ಮೇಲೂ ನಸುಕಿನ ನಾಲ್ಕಕ್ಕೆ ಎಚ್ಚರ. ಎದ್ದು ಮಾಡುವುದೇನೂ ಇಲ್ಲ. ಕಣ್ಣು ಮುಚ್ಚಿ ಮಲಗಿದರೆ ಕಾಲು ಹಾಸಿಗೆಯಲ್ಲೇ ಬೀಟ್ ತಿರುಗುತ್ತಿತ್ತು. ಬೀಟ್ ಎಂದರೆ ಒಬ್ಬ ಟಪಾಲಿನವನಿಗೆ ಹಚ್ಚಿಕೊಟ್ಟ ಓಣಿಗಳು. ಮುಂಜಾನೆ ಚೀಲ ಬಿಚ್ಚಿ, ಸಿಕ್ಕಾ ಹೊಡೆದು, ಕಾಗದಗಳನ್ನು ಬಾಗಿಲಿನ ಸಾಲಿನಂತೆ ಜೋಡಿಸಿಕೊಂಡು ಹೊರಡಬೇಕು. ಮೊದಲ ಬಾಗಿಲಿನದು ಮೇಲೆ, ಕೊನೆಯದು ತಳಕ್ಕೆ. ಹತ್ತು ವರ್ಷ ಮಾಡಿದರೆ ಈ ಕೆಲಸ ಕಣ್ಣಿನದಲ್ಲ, ಬೆರಳಿನದು.

ಒಂದು ನಸುಕಿನಲ್ಲಿ ಎದ್ದು ದೀಪ ಹಚ್ಚಿ, ಮೊಮ್ಮಗನ ಹಳೆಯ ನೋಟಬುಕ್ಕಿನಲ್ಲಿ ಬಾಗಿಲುಗಳನ್ನು ಸಾಲಾಗಿ ಬರೆಯತೊಡಗಿದೆ. ಒಂದನೆಯದು ಅಡತಿ ಅಂಗಡಿ. ಎರಡನೆಯದು ತಟ್ಟಿನ ಚೀಲ ಹೊಲಿಯುವವರ ಮನೆ. ಮೂರನೆಯದರ ಹೊಸ್ತಿಲು ಮುರಿದಿತ್ತು, ಎಡವದೆ ಹೋದ ದಿನವಿಲ್ಲ. ಹೀಗೆ 214 ಬಾಗಿಲು. ಎಂಟು ದಿನ ಹಿಡಿಯಿತು. 211 ತುಂಬಿದವು, ಮೂರು ಖಾಲಿ ಉಳಿದವು.

ಬರೆದು ಮುಗಿಸಿ ಎಣಿಸುವಾಗ ಹೊಳೆಯಿತು: ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು ಈಗ ಇಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಏರಿ ಹಳೆ ಊರಿನ ತಗ್ಗಿನ ಓಣಿಗಳನ್ನು ತೆಗೆದುಕೊಂಡಿತು. ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಬೇರೆ ಊರಿನವರಿಗೆ ಮೀಟರ್ ಎಂದರೆ ಬಟ್ಟೆ ಅಂಗಡಿ, ಇಲ್ಲವೇ ಆಟೋ. ನಮ್ಮೂರಿನಲ್ಲಿ ಮೀಟರ್ ಎಂದರೆ ನಿಮ್ಮ ಮನೆ ಇರುತ್ತದೋ ಹೋಗುತ್ತದೋ ಅನ್ನುವ ಮಾತು. ನಮ್ಮಲ್ಲಿ ನಾಲ್ಕನೆಯ ಇಯತ್ತೆ ಓದಿದ ಅಜ್ಜಿಯರೂ ದಶಾಂಶ ಹಚ್ಚಿ ಮಾತಾಡುವುದನ್ನು ಕಲಿತರು.

ಬಾಗಿಲಿನ ಯಾದಿ ಓದುತ್ತ ಕುಳಿತರೆ ಒಂದೊಂದರ ಕೆಳಗೆ ಒಂದೊಂದು ಸಾಲು ಬರೆಯಬೇಕೆನಿಸಿತು. ಬರೆದೆ. ಸಾಲು ಪುಟವಾಯಿತು. ಹುಚ್ಚು ಎಂದರೆ ಹುಚ್ಚು.

"ಅದು ನೆನಪಿನ ಮಾತಾತು. ನೀವು ಹಾಳಿಯೊಳಗ ನಿಮ್ಮ ವಿಚಾರಾನೂ ಬರೀತೀರಲ್ಲ, ಅದ್ಯಾಕ?"

ಈ ಪ್ರಶ್ನೆ ಕೇಳಿದ್ದು ಕಟಿಂಗ್ ಅಂಗಡಿಯ ಹುಡುಗ. ಕತ್ತಿ ನನ್ನ ಕುತ್ತಿಗೆ ಮೇಲೆ ಇಟ್ಟುಕೊಂಡೇ ಕೇಳಿದ. ಅವತ್ತು ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಟಪಾಲು ಹಂಚುವುದು ಅರ್ಧ ಕೆಲಸ. ಇನ್ನರ್ಧ, ಓದಲು ಬಾರದವರಿಗೆ ಓದಿ ಹೇಳುವುದು, ಅವರ ಪರವಾಗಿ ಬರೆದು ಕೊಡುವುದು. ಪಗಾರದಲ್ಲಿ ಅದು ಸೇರಿಲ್ಲ, ಆದರೆ ಬಿಟ್ಟು ಬರುವ ಹಾಗೂ ಇಲ್ಲ. ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋದ ಮಗನಿಗೆ, ಸಾಂಗಲಿ ಕಡೆ ಕಬ್ಬು ಕಡಿಯಲು ಹೋದ ಗಂಡನಿಗೆ, ಇಚಲಕರಂಜಿಯ ಮಗ್ಗಕ್ಕೆ ಹೋದ ತಮ್ಮನಿಗೆ. ಕಟ್ಟೆಯ ಮೇಲೆ ಕುಳಿತು ತೊಡೆಯ ಮೇಲೆ ಚೀಲವಿಟ್ಟುಕೊಂಡು ಬರೆಯುತ್ತಿದ್ದೆ. "ನಾನು ಕ್ಷೇಮವಾಗಿದ್ದೇನೆ" ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ "ನಾನು" ಯಾವತ್ತೂ ನಾನಲ್ಲ.

ಒಬ್ಬ ಅಜ್ಜಿ ಹೇಳುತ್ತಿದ್ದಳು, "ಎಲ್ಲಾ ಆರಾಮ ಐತಿ ಅಂತ ಬರಿಯೋ ತಮ್ಮಾ." ಹಿಂದಿನ ದಿನವೇ ಎಮ್ಮೆ ಸತ್ತಿದೆ, ಜಂತಿ ಸೋರುತ್ತಿದೆ, ಅವಳಿಗೆ ಎಂಟು ದಿನದಿಂದ ಜ್ವರ. ಎಲ್ಲವೂ ನನ್ನ ಕಣ್ಣೆದುರಿಗಿದೆ. ಬರೆದೆ: ಇಲ್ಲಿ ಎಲ್ಲರೂ ಆರಾಮ, ನಿಮ್ಮ ಆರಾಮಕ್ಕೆ ಕಾಗದ ಬರೆಯಿರಿ. ಆ ಕಡೆಯಿಂದ ಬರುವ ಕಾಗದವೂ ಹೀಗೇ. ಅಲ್ಲಿ ಅವನಿಗೆ ಕೆಲಸ ಹೋಗಿರುತ್ತದೆ, ಕಾಗದದಲ್ಲಿ ಆರಾಮ ಇರುತ್ತದೆ. ಎರಡೂ ಸುಳ್ಳನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವವನು ನಾನು.

ಇಷ್ಟು ವರ್ಷ ಮಂದಿಯ "ನಾನು" ಬರೆದವನಿಗೆ ತನ್ನ "ನಾನು" ಏನು ಹೇಳುತ್ತದೆ ಎಂಬ ಕುತೂಹಲ ಹುಟ್ಟಬಾರದೇ? ಹುಟ್ಟಿತು, ಅರವತ್ತು ದಾಟಿದ ಮೇಲೆ. ಮೊದಲ ಸಲ "ನಾನು" ಎಂದು ಬರೆದು ಮುಂದೆ ಏನು ಬರೆಯಬೇಕೆಂದು ತೋಚದೆ ಎರಡು ಕಪ್ ಚಹಾ ಕುಡಿದೆ. ನನ್ನ ಬಗ್ಗೆ ನನಗೆ ಗೊತ್ತಿದ್ದದ್ದು ಹುಟ್ಟಿದ ತಾರೀಖು, ನೌಕರಿಗೆ ಸೇರಿದ ತಾರೀಖು, ಬ್ಯಾಂಕ್ ಖಾತೆಯ ನಂಬರು. ಉಳಿದದ್ದು ಬರೆಯುತ್ತ ಬರೆಯುತ್ತ ಗೊತ್ತಾಗುತ್ತಿದೆ. ಎಲ್ಲವೂ ಒಳ್ಳೆಯದೇ ಗೊತ್ತಾಗುತ್ತಿದೆ ಎಂದಲ್ಲ.

"ಆತು, ಬರದು ಮನಿಯಾಗ ಟ್ರಂಕಿನ್ಯಾಗ ಇಟ್ಕೊಳ್ರಿ. ಮಂದಿಗಿ ಯಾಕ ಹಂಚತೀರಿ?"

ಮನೆಯಲ್ಲೇ ಇಟ್ಟುಕೊಂಡಿದ್ದೆ, ಒಂದು ವರ್ಷ. ನನಗೆ ಸಮಾಧಾನವಾಗಲಿಲ್ಲ. ಇದಕ್ಕೆ ಧಂದೆಯ ಕಾರಣವೊಂದಿದೆ.

ಸಂಜೆ ಹೊತ್ತು ಚೀಲದಲ್ಲಿ ಒಂದು ಕಾಗದ ಉಳಿದರೂ ನಮಗೆ ಅನ್ನ ಸೇರುವುದಿಲ್ಲ. ಯಾಕೆ ಉಳಿಯಿತು ಎಂದು ಅದರ ಮೇಲೆಯೇ ಬರೆಯಬೇಕು. ಮನೆ ಬಾಗಿಲು ಹಾಕಿತ್ತು. ತೆಗೆದುಕೊಳ್ಳಲು ಒಪ್ಪಲಿಲ್ಲ. ಊರು ಬಿಟ್ಟಿದ್ದಾರೆ. ಕಾರಣ ಬರೆದು, ಸಹಿ ಹಾಕಿ, ಬರೆದವರಿಗೆ ವಾಪಸ್. ಬರೆದವರ ವಿಳಾಸವೂ ಇಲ್ಲದಿದ್ದರೆ ಅದು ವಾಪಸ್ ಕಾಗದಗಳ ಆಫೀಸಿಗೆ ಹೋಗುತ್ತದೆ. ಬರೆದದ್ದು ಚೀಲದಲ್ಲಿ ಕುಳಿತರೆ ನನ್ನ ಲೆಕ್ಕದಲ್ಲಿ ಅದು ಇನ್ನೂ ಕಾಗದವೇ ಅಲ್ಲ. ಟ್ರಂಕಿನಲ್ಲಿದ್ದ ನನ್ನ ಪುಟಗಳು ದಿನಾ ಸಂಜೆ ಹಾಗೆ ಕಾಡುತ್ತಿದ್ದವು.

ಇನ್ನೊಂದು ಕಾರಣ ಆಮೇಲೆ ಗೊತ್ತಾಯಿತು. ಮೊದಲ ಹಾಳಿ ಗಿರಣಿಯಲ್ಲಿ ಇಟ್ಟೆ. ಜೋಳ ಬೀಸಿಸಲು ಬಂದವರು ಹಿಟ್ಟು ಆಗುವವರೆಗೆ ಕಾಯಲೇಬೇಕು, ಓದದೆ ಏನು ಮಾಡುತ್ತಾರೆ? ಅದರಲ್ಲಿ ಒಂದು ಮನೆಯ ಬಗ್ಗೆ ಬರೆದಿದ್ದೆ, "ಹಸಿರು ಬಾಗಿಲಿನ ಮನೆ" ಎಂದು. ಒಬ್ಬ ಅಕ್ಕ ಹಿಟ್ಟಿನ ಕೈಯಲ್ಲೇ ಹಾಳಿ ಹಿಡಿದು ನನ್ನ ಹತ್ತಿರ ಬಂದಳು. "ಅಣ್ಣಾರ, ಆ ಬಾಗಲಾ ಹಸರು ಅಲ್ರಿ, ನೀಲಿ. ಅದು ನನ್ನ ತವರಮನಿ." ಇಪ್ಪತ್ತು ವರ್ಷ ಆ ಬಾಗಿಲು ತಟ್ಟಿದವ ನಾನು. ಆಣೆ ಮಾಡಿ ಹಸಿರು ಎನ್ನುತ್ತಿದ್ದೆ. ಅವಳು ಹೇಳಿದ ಕ್ಷಣ ನೀಲಿ ಕಂಡಿತು. ಹಸಿರು ಪಕ್ಕದ ಮನೆಯದು.

ಅವತ್ತಿನಿಂದ ಹಾಳಿಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡುತ್ತೇನೆ. ಮಂದಿ ಅಲ್ಲಿ ತಿದ್ದುತ್ತಾರೆ, ಬೈಯುತ್ತಾರೆ, ಒಮ್ಮೊಮ್ಮೆ ಹೆಣ್ಣು ನೋಡಲು ಬರುವವರ ಫೋನ್ ನಂಬರನ್ನೂ ಬರೆದಿರುತ್ತಾರೆ.

"ಹಳೆ ಊರು ಮುಳುಗಿದ್ದನ್ನ ಎಷ್ಟ ಸಲಾ ಬರೀತೀರಿ? ಎಲ್ಲಾರಿಗೂ ಪರಿಹಾರ ಸಿಕ್ಕೈತಿ, ಸೈಟ್ ಸಿಕ್ಕೈತಿ."

ಪರಿಹಾರ ನನಗೂ ಸಿಕ್ಕಿದೆ, ಅದರಿಂದಲೇ ಕಟ್ಟಿದ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನವನಗರದ ಮೇಲೆ ನನ್ನ ತಕರಾರಿಲ್ಲ. ಇದರ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ, ದೊಡ್ಡ ಹೆಸರು. ರಸ್ತೆ ಅಗಲ, ಗಿಡ ನೆಟ್ಟಿದ್ದಾರೆ, ಸೈಕಲ್ ತುಳಿಯಲು ಹಳೆ ಊರಿಗಿಂತ ನೂರು ಪಾಲು ಸುಖ.

ಆದರೆ ಟಪಾಲಿನವನಾಗಿ ಒಂದು ಮಾತು. ಹಳೆ ಊರಿನ ವಿಳಾಸ ಹೀಗಿರುತ್ತಿತ್ತು: "ಗುಡಿ ಹಿಂದ, ಬೇವಿನ ಗಿಡದ ಮನಿ, ಕುಂಟ ಬಸಪ್ಪನ ಅಳಿಯಗ ಮುಟ್ಟಲಿ." ನವನಗರದ್ದು ಸೆಕ್ಟರ್ ನಂಬರು, ಪ್ಲಾಟ್ ನಂಬರು. ಪಿನ್ ಕೋಡಿನಲ್ಲಿ ಒಂದೇ ಅಂಕಿ ವ್ಯತ್ಯಾಸ, ಹಳೆ ಊರು 587101, ಇದು 587103. ಆ ಎರಡರ ನಡುವೆ ನಾಲ್ಕೈದು ವರ್ಷ ನಾನು ಓಡಾಡಿದ್ದೇನೆ. ಕಾಗದ ಬರುವುದು ಕೆಡವಿದ ಮನೆಗೆ. ಆ ಮನೆಯವರು ಯಾವ ಸೆಕ್ಟರಿಗೆ ಹೋದರೆಂದು ನನ್ನ ಕಿಸೆಯ ಡೈರಿಯಲ್ಲಿ ಇರುತ್ತಿತ್ತು. ಹಳೆ ವಿಳಾಸಕ್ಕೆ ಅಡ್ಡ ಗೆರೆ ಎಳೆದು ಹೊಸದನ್ನು ಬರೆದು ಮುಂದೆ ಕಳಿಸುತ್ತಿದ್ದೆ. ಒಂದೊಂದು ದಿನ ಮೂವತ್ತು, ನಲವತ್ತು ಅಡ್ಡ ಗೆರೆ. ಒಂದು ಓಣಿಯವರೆಲ್ಲ ಒಂದೇ ಸೆಕ್ಟರಿಗೆ ಹೋದರೆ ಸರಿ. ಹಾಗೆ ಹೋಗಲಿಲ್ಲ. ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಒಬ್ಬರು ಈ ತುದಿ, ಒಬ್ಬರು ಆ ತುದಿ.

ಹೋಳಿ ಬಂದಾಗ ಇದು ಕಾಣುತ್ತದೆ. ನಮ್ಮೂರ ಹೋಳಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಲೆಕ್ಕದಲ್ಲಿ ನಡೆಯುವ ಹಬ್ಬ. ಹಲಗಿ ಬಾರಿಸಿದರೆ ನವನಗರದ ಸೆಕ್ಟರುಗಳಿಂದ ಮಂದಿ ತಮ್ಮ ತಮ್ಮ ಓಣಿಯ ಬಣ್ಣದ ಬಂಡಿಯ ಬೆನ್ನು ಹತ್ತಿ ಬರುತ್ತಾರೆ. ಅವತ್ತು ಯಾರಿಗೂ ಸೆಕ್ಟರ್ ನಂಬರು ನೆನಪಿರುವುದಿಲ್ಲ. (ಹೋಳಿಯ ದಿನಗಳಲ್ಲಿ ಬಣ್ಣ ಹತ್ತಿದ ಕಾಗದ ಹಂಚಿ ಮೇಲಿನವರಿಂದ ಬೈಸಿಕೊಂಡದ್ದು ಬೇರೆ ಹಾಳಿಯಲ್ಲಿ ಬಂದಿದೆ.)

ಕೂಡಲಸಂಗಮಕ್ಕೆ ಹೋದವರು ನೋಡಿರುತ್ತೀರಿ, ಬಸವಣ್ಣನವರ ಐಕ್ಯಮಂಟಪಕ್ಕೆ ನೀರಿನ ನಡುವೆ ಸುತ್ತ ಗೋಡೆ ಎತ್ತಿ ಉಳಿಸಿದ್ದಾರೆ, ಮೆಟ್ಟಿಲಿಳಿದು ಒಳಗೆ ಹೋಗಬೇಕು. ಉಳಿಸಿದ್ದು ಬಹಳ ಒಳ್ಳೆಯದಾಯಿತು. 214 ಬಾಗಿಲಿಗೆ ಅಂಥ ಗೋಡೆ ಯಾರು ಕಟ್ಟುತ್ತಾರೆ? ಅದಕ್ಕೇ ಮತ್ತೆ ಮತ್ತೆ ಬರೆಯುತ್ತೇನೆ. ಬೇಸರವಾದರೆ ಆ ಹಾಳಿಯಲ್ಲಿ ಚುರುಮುರಿ ಕಟ್ಟಿಕೊಳ್ಳಿ, ನನಗೆ ಸಿಟ್ಟಿಲ್ಲ.

"ನೀವು ಬರದದ್ರೊಳಗ ನಿಮಗ ಭಾಳ ಕಷ್ಟ ಆದದ್ದು ಯಾವುದು?"

ಒಂದು ಇದೆ. ಹಾಳಿ ಇಟ್ಟು ಬಂದ ರಾತ್ರಿ ನಿದ್ದೆ ಬರಲಿಲ್ಲ. ಓದದವರಿಗಾಗಿ ಮತ್ತೆ ಹೇಳುತ್ತೇನೆ, ಊರು ಹೆಸರು ಕೇಳಬೇಡಿ.

ಎಂಬತ್ತರ ದಶಕದ ಒಂದು ಬೇಸಿಗೆ. ಒಬ್ಬ ತಂದೆ, ಹೆಬ್ಬೆಟ್ಟಿನ ಮನುಷ್ಯ, ಹೊಲದ ಸಲುವಾಗಿ ಮಗನ ಜೊತೆ ಜಗಳವಾಡಿದ್ದ. ಮಗ ಊರು ಬಿಟ್ಟು ಪುಣೆ ಸೇರಿದ. ಆರು ತಿಂಗಳ ಮೇಲೆ ಅವನ ಕಾರ್ಡು ಬಂತು: ಹಬ್ಬಕ್ಕೆ ಬರಲೇನು? ಓದಿ ಹೇಳಿದೆ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಬರಿ, ಈ ಹೊಸ್ತಲಾ ದಾಟಿದ್ರ ಹೆಣಾ ಬೀಳತೈತಿ ಅಂತ ಬರಿ" ಎಂದ. 15 ಪೈಸೆಯ ಕಾರ್ಡು ನನ್ನ ಮುಂದೆ ಇಟ್ಟ.

ನಾನು ಬರೆದೆ: "ಹಬ್ಬಕ್ಕೆ ಬಂದು ಹೋಗು. ಸಿಟ್ಟು ಇನ್ನೂ ಇದೆ. ನಿನ್ನ ತಂದೆ." ಅವನಿಗೆ ಓದಿ ಹೇಳುವಾಗ ಅವನ ಮಾತನ್ನೇ ಓದಿದೆ. ಅವನು ಗೋಣು ಹಾಕಿದ. ನಾನೇ ಡಬ್ಬಿಗೆ ಹಾಕಿದೆ.

ಮಗ ಬಂದ. ಇಲ್ಲಿ ಕಥೆ ಚೆಂದ ಮಾಡಿ ಮುಗಿಸಬಹುದು, ಮಂದಿಗೂ ಅದೇ ಬೇಕು. ಆದದ್ದು ಹಾಗಲ್ಲ. ಎರಡು ದಿನ ಒಬ್ಬರ ಮುಖ ಒಬ್ಬರು ನೋಡದೆ ಹೋಳಿಗೆ ಉಂಡರು, ಮೂರನೆಯ ದಿನ ಹೊಲದ ಮಾತು ಬಂತು, ಮತ್ತೆ ಜಗಳ, ಮಗ ಹೋದ. ಆಮೇಲೆ ಬಂದದ್ದು ತಂದೆಯ ಮಣ್ಣಿಗೆ. ಕಾರ್ಡಿನ ವಿಷಯ ತಂದೆಗೆ ತಿಳಿಯಿತೋ ಇಲ್ಲವೋ, ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ದಿನಾ ಅದೇ ಕಟ್ಟೆಯ ಮೇಲೆ ಕುಳಿತು "ಏನರ ಬಂದೈತೇನೋ ತಮ್ಮಾ" ಎನ್ನುತ್ತಿದ್ದ.

ನಾನು ಮಾಡಿದ್ದು ಸರಿಯೇ? ಆ ಎರಡು ದಿನದ ಹೋಳಿಗೆ ನನ್ನ ಪುಣ್ಯವೇ, ಮೂರನೆಯ ದಿನದ ಜಗಳ ನನ್ನ ಪಾಪವೇ? ಮೂವತ್ತು ವರ್ಷ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದೆ. ಬರೆದರೆ ತೀರ್ಮಾನ ಸಿಗಬಹುದು ಎಂದುಕೊಂಡೆ, ಸಿಗಲಿಲ್ಲ. ಆ ಹಾಳಿಯ ಖಾಲಿ ಜಾಗದಲ್ಲಿ ಒಬ್ಬರು "ಶಾಬ್ಬಾಸ್" ಎಂದು ಬರೆದಿದ್ದರು. ಅದರ ಕೆಳಗೇ ಇನ್ನೊಬ್ಬರು, ಬಾಲ್ ಪೆನ್ ಒತ್ತಿ: "ಅವರ ಮಾತು ಅವರದು. ನೀವ್ಯಾರು?" ಎರಡನೆಯ ಸಾಲಿನ ಹಾಳಿಯನ್ನು ಜೋಪಾನ ಮಾಡಿ ಇಟ್ಟಿದ್ದೇನೆ. ನಾನು ಇಷ್ಟು ವರ್ಷ ಕೇಳಿಸಿಕೊಳ್ಳಬೇಕೆಂದಿದ್ದ ಮಾತು ಬಹುಶಃ ಅದೇ.

"ಟಪಾಲಿನವರಿಗೆ ಎಲ್ಲಾರ ಗುಟ್ಟು ಗೊತ್ತಿರತೈತಿ. ನಮ್ಮದೂ ಬರೀತೀರೇನು?"

ಇಲ್ಲ. ಕಾಗದದೊಳಗಿನದು ನನ್ನದಲ್ಲ. 1898ರ ಅಂಚೆ ಕಾಯ್ದೆ ಹೋಗಿ 2023ರ ಕಾಯ್ದೆ ಬಂದಿರಬಹುದು, ನನ್ನ ಕಾಯ್ದೆ ಬದಲಾಗಿಲ್ಲ. ಮೇಲಿನ ಕಾರ್ಡಿನ ಕಥೆ ಬರೆಯಲು ತಂದೆ ಮಗ ಇಬ್ಬರೂ ತೀರಿಕೊಳ್ಳುವವರೆಗೆ ಕಾದೆ, ಗುರುತು ಹತ್ತದ ಹಾಗೆ ಮೂರು ವಿಷಯ ಬದಲಿಸಿದೆ.

ಆದರೂ ಒಮ್ಮೆ ತಪ್ಪಿದೆ. ಮಗ ಕಳಿಸಿದ ಮನಿಯಾರ್ಡರ್ ಹಣವನ್ನು ಸಹಿ ಮಾಡಿ ತೆಗೆದುಕೊಂಡು ನೆಟ್ಟಗೆ ಸೆರೆ ಅಂಗಡಿಗೆ ಹೋಗುತ್ತಿದ್ದ ಒಬ್ಬನ ಬಗ್ಗೆ ಬರೆದೆ. ಹೆಸರು ಹಾಕಿರಲಿಲ್ಲ, ಆದರೆ ಅವನು ಹಣ ಎಣಿಸುವ ರೀತಿಯನ್ನು ಬರೆದಿದ್ದೆ, ನೋಟಿಗೆ ಉಗುಳು ಹಚ್ಚದೆ ಊದಿ ಎಣಿಸುತ್ತಿದ್ದ ಎಂದು. ಅವನ ಮಗಳು ಕಟಿಂಗ್ ಅಂಗಡಿಗೆ ತನ್ನ ಹುಡುಗನನ್ನು ಕರೆತಂದವಳು ಓದಿ ಗುರುತು ಹಿಡಿದಳು. ನನಗೆ ಏನೂ ಅನ್ನಲಿಲ್ಲ. ಹಾಳಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, "ಕಾಕಾ, ನಮ್ಮಪ್ಪ ಒಳ್ಳೇವನೂ ಇದ್ದ" ಎಂದು ಹೋದಳು. ಅವತ್ತೇ ಎಲ್ಲ ಕಡೆ ತಿರುಗಿ ಉಳಿದ ಪ್ರತಿಗಳನ್ನು ವಾಪಸ್ ತಂದೆ. ಎರಡು ಸಿಗಲಿಲ್ಲ. ಎಲ್ಲಿವೆಯೋ, ಯಾರ ಮನೆಯ ಡಬ್ಬಿಯ ತಳದಲ್ಲಿವೆಯೋ.

"ಮಂದಿ ನಗಂಗಿಲ್ಲೇನು?"

ನಗುತ್ತಾರೆ. ಇದ್ದದ್ದೇ.

"ಕೆಳಗ ಹೆಸರು ಯಾಕ ಹಾಕಂಗಿಲ್ಲ?"

"ಟಪಾಲಿನವ" ಎಂದು ಹಾಕುತ್ತೇನಲ್ಲ. ಈ ಸೀಮೆಯಲ್ಲಿ ಹನ್ನೆರಡನೆಯ ಶತಮಾನದಲ್ಲೇ ಮಡಿವಾಳರು, ಹಗ್ಗ ಹೊಸೆಯುವವರು ತಮ್ಮ ಅನುಭವ ಹೇಳಿ ಕೊನೆಗೆ ತಮ್ಮ ದೇವರ ಹೆಸರನ್ನು ಅಂಕಿತ ಹಾಕಿ ಎದ್ದುಹೋದರು. ನನಗೆ ಅಷ್ಟು ಭಕ್ತಿ ಇಲ್ಲ, ಅದಕ್ಕೆ ಧಂದೆಯ ಹೆಸರು. ಅಲ್ಲದೆ ಗಿರಣಿಯಲ್ಲಿ ಎಲ್ಲರಿಗೂ ನಾನು ಯಾರೆಂದು ಗೊತ್ತು, ಸೈಕಲ್ಲಿನ ಗಂಟೆಯಿಂದಲೇ ಗುರುತಿಸುತ್ತಾರೆ.

"ಒಂದ ಹಾಳಿ ಯಾಕ? ಪುಸ್ತಕಾನ ಮಾಡ್ರಿ."

ನನ್ನ ಬರವಣಿಗೆಯ ಶಾಲೆ ಮನಿಯಾರ್ಡರ್ ಫಾರ್ಮು. ಹಣ ಕಳಿಸುವವನು ಸಂದೇಶ ಬರೆಯಲು ಅದರಲ್ಲಿ ಒಂದು ತುಂಡು ಜಾಗ ಇರುತ್ತಿತ್ತು. ಅಷ್ಟರಲ್ಲೇ ಸಂಸಾರ ನಡೆಸಬೇಕು. "ನೂರು ಕಳಿಸೇನಿ. ಅವ್ವನ ಕಣ್ಣು ತೋರಿಸು. ಕರಾ ಮಾರಬ್ಯಾಡ." ಇದರಲ್ಲಿ ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ಆ ಫಾರ್ಮು ಈಗ ಹೋಯಿತು, 2013ರಲ್ಲಿ ತಂತಿಯೂ ಹೋಯಿತು, 2025ರಲ್ಲಿ ರಿಜಿಸ್ಟರ್ ಟಪಾಲೂ ಸ್ಪೀಡ್ ಪೋಸ್ಟಿನೊಳಗೆ ಸೇರಿಕೊಂಡಿತು.

ಉದ್ದದ ಬಗ್ಗೆ ಸಂಶಯವಿದ್ದವರು ಬಾದಾಮಿಗೆ ಹೋಗಿ ಕಪ್ಪೆ ಅರಭಟ್ಟನ ಶಾಸನ ನೋಡಿ ಬನ್ನಿ, ನಮ್ಮ ಜಿಲ್ಲೆಯದೇ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಶುರುವಾಗುವ ಆ ತ್ರಿಪದಿ ಬಂಡೆಯ ಮೇಲೆ ಸುಮಾರು 1300 ವರ್ಷದಿಂದ ನಿಂತಿದೆ. ಮೂರು ಸಾಲಿನಲ್ಲಿ ಒಬ್ಬ ಮನುಷ್ಯನ ಸ್ವಭಾವ ಪೂರ್ತಿ. ನನಗೆ ಒಂದು ಹಾಳಿ ಸಾಲುತ್ತಿಲ್ಲ ಅಂದರೆ ನನ್ನ ಕೊರತೆ.

"ಇದಕ್ಕ ರೊಕ್ಕ ಎಷ್ಟು ಹೋಗತೈತಿ?"

ಹಾಳಿ ಒಂದಕ್ಕೆ ಝೆರಾಕ್ಸ್ 2 ರೂಪಾಯಿ, 40 ಪ್ರತಿ, 80 ರೂಪಾಯಿ. ತಂಬಾಕು ಬಿಟ್ಟಿದ್ದರಿಂದ ಉಳಿದದ್ದು ಇದಕ್ಕಿಂತ ಹೆಚ್ಚು.

ದೊಡ್ಡವರ ಲೆಕ್ಕ ಬೇರೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ಅಚ್ಚು ಹಾಕುವವರು ಸಿಗದಿದ್ದಾಗ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ತೆಗೆದರು. ಅದೂ ಸ್ವಂತ ಬರಹಕ್ಕಲ್ಲ, ಎಂಟು ನೂರು ವರ್ಷ ಹಿಂದಿನವರ ಮಾತು ಮುಟ್ಟಿಸುವುದಕ್ಕೆ. ಅವರನ್ನು ನಾನು ಸಾಹಿತಿ ಎನ್ನುವುದಕ್ಕಿಂತ ನಮ್ಮ ಇಲಾಖೆಯವರು ಎಂದೇ ಲೆಕ್ಕ ಹಿಡಿದಿದ್ದೇನೆ. ವಿಳಾಸ ತಪ್ಪಿದ ಟಪಾಲನ್ನು ಅಷ್ಟು ತಡವಾಗಿಯಾದರೂ ಸರಿಯಾದ ಬಾಗಿಲಿಗೆ ತಂದುಕೊಟ್ಟವರು. ನನ್ನ ಹೆಂಡತಿಗೆ ಈ ಕಥೆ ಹೇಳಿದಾಗ ಅವಳು ಮೊದಲು ಕೇಳಿದ್ದು, "ನಮ್ಮ ಮನಿ ಕಾಗದಪತ್ರ ಎಲ್ಲಿ ಇಟ್ಟೀರಿ?"

"ನನಗ ಓದಾಕ ಬರಿಯಾಕ ಬರಂಗಿಲ್ರಿ. ನನಗೂ ಹೇಳೂದೈತಿ."

ಹೇಳಿ, ನಾನು ಬರೆಯುತ್ತೇನೆ. ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ ಹೀಗೇ ಬಂದು ಎರಡು ಹಾಳಿ ಹೇಳಿ ಬರೆಸಿದಳು. ಜೋಳ ಯಾವುದು ಬಡಿಯಲು ಬರುತ್ತದೆ, ಯಾವುದು ಬಿರಿಯುತ್ತದೆ ಎಂದು ಶುರು ಮಾಡಿ ಗಂಡನ ತನಕ ಬಂದಳು. ಅವಳ ಮಾತನ್ನು ನಾನು ತಿದ್ದಲಿಲ್ಲ, ಕಾರ್ಡಿನ ತಪ್ಪು ಒಂದು ಸಲಕ್ಕೆ ಸಾಕು. ಓದಿ ಹೇಳಿದಾಗ ಒಂದು ಕಡೆ ತಡೆದು, "ಅಲ್ಲಿ 'ಪಾಪ' ಅಂದಿದ್ನೆಲ್ಲ, ಎಲ್ಲಿ ಹೋತು?" ಎಂದಳು. ಹೌದು, ಬಿಟ್ಟಿದ್ದೆ. ಸೇರಿಸಿದೆ.

ಹೆಣ್ಣುಮಕ್ಕಳು ಬೀಸುವಾಗ ಕಟ್ಟಿ ಹಾಡಿದ್ದನ್ನು ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಕುಳಿತು ಬರೆದುಕೊಂಡರು, ಅದಕ್ಕೇ ಅವು ಇವತ್ತು ಉಳಿದಿವೆ. ಬೀಸುಕಲ್ಲು ಹೋಗಿ ಗಿರಣಿ ಬಂದಿದೆ. ಗಿರಣಿಯ ಸದ್ದಿನಲ್ಲಿ ಹಾಡು ಕೇಳುವುದಿಲ್ಲ, ಆದರೆ ಹಿಟ್ಟು ಆಗುವವರೆಗೆ ಕಾಯುವ ಹೊತ್ತು ಉಳಿದಿದೆ. ಆ ಹೊತ್ತಿನಲ್ಲಿ ಬನ್ನಿ.

"ಮನಿಯವರು ಏನಂತಾರ?"

"ಪಗಾರ ಇದ್ದಾಗ ಮಂದಿ ಕಾಗದ ಬರದ್ರಿ, ಪೆನ್ಶನ್ ಬಂದಮ್ಯಾಲ ನಿಮ್ಮ ಕಾಗದ ಬರೀತೀರಿ. ನನಗೊಂದು ಯಾವಾಗ ಬರೀತೀರಿ?" ಅನ್ನುತ್ತಾಳೆ. ಮದುವೆಯಾದಾಗಿನಿಂದ ಎಂಟು ದಿನ ಬಿಟ್ಟು ಇದ್ದವರಲ್ಲ ನಾವು, ಕಾಗದದ ಗರಜು ಬೀಳಲಿಲ್ಲ. ಆದರೂ ಕಳೆದ ಶ್ರಾವಣದಲ್ಲಿ ಅವಳು ತಂಗಿಯ ಮನೆಗೆ ಇಳಕಲ್ಲಿಗೆ ಹೋದಾಗ 50 ಪೈಸೆಯ ಒಂದು ಕಾರ್ಡು ತಂದು ಬರೆಯಲು ಕುಳಿತೆ. "ಇಲ್ಲಿ ಎಲ್ಲರೂ ಆರಾಮ" ಎಂದು ಕೈ ತಾನೇ ಬರೆದುಬಿಟ್ಟಿತು. ಹರಿದು ಹಾಕಿ ಫೋನ್ ಮಾಡಿದೆ.

"ನಿಮ್ಮ ನಂತರ ಈ ಹಾಳಿಗೋಳ ಗತಿ?"

ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಕಿಸೆ ಇಲ್ಲದ ಅಂಗಿ ತೊಟ್ಟವರು. 2023ರ ಜನವರಿ 2ರಂದು ಅವರು ಹೋದ ಮೇಲೆ, 2014ರಲ್ಲೇ ಬರೆದಿಟ್ಟಿದ್ದ ಅವರ ಪತ್ರ ಎಲ್ಲರಿಗೂ ತಿಳಿಯಿತು: ದಹನ ಮಾಡಿ, ಸ್ಮಾರಕ ಬೇಡ. ನಾನು ಆ ರಾತ್ರಿ ವಿಜಯಪುರದ ರಸ್ತೆಯಲ್ಲಿ ಮಂದಿಯ ನಡುವೆ ನಿಂತಿದ್ದೆ. ಏನೂ ಉಳಿಸಬೇಡಿ ಎಂದು ಹೇಳಲು ಅಂಥವರಿಗೂ ಬರೆಯಬೇಕಾಯಿತಲ್ಲ ಎಂದು ಅನ್ನಿಸಿತ್ತು. ನನ್ನ ಹಾಳಿಗಳ ಬಗ್ಗೆ ಅಷ್ಟೆಲ್ಲ ವಿಚಾರ ಮಾಡಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಫೋಟೋ ಹೊಡೆದು ಇಟ್ಟಿದ್ದೇನೆ ಅನ್ನುತ್ತಾನೆ. ಅದೇ ಮೊಬೈಲನ್ನು ಮೊನ್ನೆ ಮುಚಖಂಡಿ ಕೆರೆಯಲ್ಲಿ ಬೀಳಿಸಿಕೊಂಡು ಬಂದ.

"ನಾನೂ ಬರಿಬೇಕಂತೀನಿ ಕಾಕಾ. ಎಲ್ಲಿಂದ ಶುರು ಮಾಡ್ಲಿ?"

ಮನೆಯಿಂದ ಶಾಲೆಗೆ ಹೋಗುವಾಗಿನ ಬಾಗಿಲುಗಳನ್ನು ಸಾಲಾಗಿ ಬರಿ. ಹತ್ತು ಸಾಕು. ಯಾವ ಬಾಗಿಲಿನ ಮುಂದೆ ಕೈ ನಿಲ್ಲುತ್ತದೋ ಅಲ್ಲಿ ಕುಳಿತುಕೋ. ಚೆಂದ ಬರೆಯಲು ಹೋಗಬೇಡ.

"ಮುಂದಿನ ಹಾಳಿ ಯಾವಾಗ?"

ಅಮಾವಾಸ್ಯೆಗೆ. ಎಳ್ಳಮಾಸಿಗೆ ಮಾತ್ರ ಮರುದಿನ ಸಿಗುತ್ತದೆ, ಅವತ್ತು ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ, ಗಿರಣಿ ಬಂದ್.

ನನ್ನದೂ ಒಂದು ಪ್ರಶ್ನೆ ಇದೆ, ಆರು ವರ್ಷದಿಂದ ನಾನು ಕೇಳುತ್ತಿರುವುದು. ಯಾದಿಯ ಮೂರು ಖಾಲಿ ಬಾಗಿಲಲ್ಲಿ ಎರಡು ಮಂದಿಯಿಂದಲೇ ತುಂಬಿದವು. 63ನೆಯದು ಉಳಿದಿದೆ. ಎಣ್ಣೆಗಾಣದ ಮನೆ ದಾಟಿ ಎಡಕ್ಕೆ, ಮೂರು ಮೆಟ್ಟಿಲು, ಬಾಗಿಲಿಗೆ ಹಿತ್ತಾಳೆಯ ಬಳೆ, ಒಳಗೆ ಯಾವಾಗಲೂ ಹೊಲಿಗೆ ಮಷಿನ್ನಿನ ಸದ್ದು. ಹುಬ್ಬಳ್ಳಿಯಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು, ಒಂದು ಕೈ ಹೊರಗೆ ಬಂದು ತೆಗೆದುಕೊಳ್ಳುತ್ತಿತ್ತು, ಕೈಗೆ ಹಸಿರು ಬಳೆ. ಮುಖ ನೋಡಿದ ನೆನಪಿಲ್ಲ, ಹೆಸರು ಬರುತ್ತಿಲ್ಲ. ಗೊತ್ತಿದ್ದವರು ಗಿರಣಿಯಲ್ಲಿ ಹೇಳಿ.